ಸುಗ್ಗಿಯಲ್ಲೇ ವರ್ಷದ ಸಂತೆ

ಫೆಬ್ರುವರಿ–ಮಾರ್ಚ್ ತಿಂಗಳಲ್ಲಿ ಹಗರಿ ದಡದ ಮೋಕದಿಂದ ಕುರುಗೋಡು, ಸಿರುಗುಪ್ಪದವರೆಗೆ ಎಲ್ಲಿ ಹೋದರೂ ಕಣದ ತುಂಬ ಮೆಣಸಿನಕಾಯಿ ಒಣಗುತ್ತಿರುತ್ತದೆ. ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಕೊಯ್ಲು ನಡೆದಿರುತ್ತದೆ. ಅದೇ ಊರುಗಳ ಕಿರಾಣಿ ಅಂಗಡಿಗಳಲ್ಲಿ, ಅದೇ ದಿನಗಳಲ್ಲಿ, ಹತ್ತು ರೂಪಾಯಿಯ ಖಾರದ ಪುಡಿ ಪೊಟ್ಟಣ ಮಾರಾಟವಾಗುತ್ತಿರುತ್ತದೆ. ಊರಿನ ಕಾಯಿ ಲಾರಿ ಹತ್ತಿ ಬ್ಯಾಡಗಿಗೋ ಗುಂಟೂರಿಗೋ ಹೋಗುತ್ತದೆ. ಎಲ್ಲಿಯದೋ ಪುಡಿ ಪೊಟ್ಟಣವಾಗಿ ಊರಿಗೆ ಬರುತ್ತದೆ. ಕಾಯಿ ಬಿಡಿಸಿ ಕೂಲಿ ಪಡೆದ ಹೆಣ್ಣುಮಗಳೇ ಸಂಜೆ ಆ ಪೊಟ್ಟಣ ಕೊಳ್ಳುತ್ತಾಳೆ. ಕುಟುಂಬದ ಉಳಿತಾಯ ಎಂಬ ಮಾತು ಬಂದಾಗಲೆಲ್ಲ ನನಗೆ ಕಾಡುವುದು ಈ ಪೊಟ್ಟಣ.

ಏಕೆಂದರೆ ನಮ್ಮಲ್ಲಿ ಮಿತವ್ಯಯದ ಉಪದೇಶವೆಲ್ಲ ಬಡವರ ಕಡೆಗೇ ಮುಖ ಮಾಡಿದೆ. ಚಹಾ ಕಡಿಮೆ ಕುಡಿಯಿರಿ, ಮೊಬೈಲ್ ಕರೆನ್ಸಿ ಕಡಿಮೆ ಹಾಕಿಸಿ, ಹಬ್ಬಕ್ಕೆ ಬಟ್ಟೆ ಬೇಡ ಎಂದು. ಕೂಲಿಯ ಮನೆಯವರು ದುಂದು ಮಾಡಿ ಕೆಟ್ಟವರಲ್ಲ. ಎಲ್ಲವನ್ನೂ ಚಿಲ್ಲರೆಯಾಗಿ, ಅದೂ ಹಲವು ಸಲ ಉದ್ರಿಯಲ್ಲಿ ಕೊಳ್ಳಬೇಕಾದ್ದರಿಂದ ಅವರಿಗೆ ಪ್ರತಿಯೊಂದೂ ತುಟ್ಟಿ. ಚೀಲ ಲೆಕ್ಕದಲ್ಲಿ ಕೊಂಡವರಿಗೆ ಒಂದು ಬೆಲೆ, ಕಾಲು ಕಿಲೋ ಕೊಂಡವರಿಗೆ ಇನ್ನೊಂದು. “ಒಮ್ಮಿಗೇ ತಗಳಾಕ ರೊಕ್ಕ ಎಲ್ಲೈತ್ರಿ?” ಎಂಬ ಪ್ರಶ್ನೆಗೆ ಉತ್ತರ ಹೇಳದೆ ಉಳಿತಾಯದ ಪಾಠ ಹೇಳುವುದು ನನಗೆ ನ್ಯಾಯವೆನಿಸುವುದಿಲ್ಲ. ಉಳಿಸುವುದಕ್ಕೂ ಮೊದಲು ಕೈಯಲ್ಲೊಂದು ಗಂಟು ಬೇಕು.

ಈ ಸೀಮೆಯ ಹಿರಿಯರಿಗೆ ಉಳಿತಾಯ ಎಂದರೆ ಕಾಳು. ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಜೋಳ, ತೊಗರಿ, ಹುಣಸೆಹಣ್ಣು ಕೂಡಿಟ್ಟು, ಬೇಸಗೆಯಲ್ಲಿ ವರ್ಷದ ಖಾರ ಕುಟ್ಟಿಸಿದರೆ ಆ ಮನೆಗೆ ಅರ್ಧ ಧೈರ್ಯ. ಉಳ್ಳವರಿಗೆ ಹಗೇವು ಇರುತ್ತಿತ್ತು. ಗಟ್ಟಿ ನೆಲದಲ್ಲಿ ಆಳಕ್ಕೆ ತೋಡಿ, ಒಳಗೆ ಬೆಂಕಿ ಹಾಕಿ ತೇವ ಹೋಗಿಸಿ, ತಳಕ್ಕೂ ಗೋಡೆಗೂ ಹುಲ್ಲು ಹಾಸಿ ಜೋಳ ತುಂಬುತ್ತಿದ್ದರು. ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿ ಒಳಗೇ. ಕಾಳೂ ಹುಳುವೂ ಉಸಿರಾಡಿ ಇದ್ದ ಪ್ರಾಣವಾಯುವನ್ನು ಮುಗಿಸುತ್ತವೆ. ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಆ ಕಾರಣಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾಯುತ್ತಿದ್ದರು, ದೀಪ ಇಳಿಬಿಟ್ಟು ನೋಡುತ್ತಿದ್ದರು. ಇಂದು ಪೇಟೆಯಲ್ಲಿ ಸಿಗುವ ಗಾಳಿಯಾಡದ ಮೂರು ಪದರದ ಚೀಲ ಇದೇ ತತ್ವದ್ದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಅದನ್ನು ಆಫ್ರಿಕಾದ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದರು. ಹಗೇವು ತೋಡಲು ಜಾಗವಿಲ್ಲದ ಎರಡು ಕೋಣೆಯ ಮನೆಗೂ ಅದು ಹೊಂದುತ್ತದೆ. ಬೇವಿನೆಲೆ ಹಾಕಿ ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಇಡುವ ಹಳೆಯ ಕ್ರಮವೂ ಕೆಟ್ಟದ್ದಲ್ಲ. ಯಾವುದಾದರೂ ಸರಿ, ಕಾಳು ಚೆನ್ನಾಗಿ ಒಣಗಿರಬೇಕು.

ಬಳ್ಳಾರಿ ಸೀಮೆಗೆ ಈ ಎಚ್ಚರ ಬಂದದ್ದು ಬರಗಾಲಗಳಿಂದ. 1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರದ ಬರ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಬಳ್ಳಾರಿಯನ್ನು ಹಿಂಡಿದಷ್ಟು ಕೆಲವೇ ಜಿಲ್ಲೆಗಳನ್ನು ಹಿಂಡಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು, ಅಕ್ಕಿ ಗಿರಣಿಗಳು ಎದ್ದವು, ಹತ್ತಿ ಮತ್ತು ಮೆಣಸಿನಕಾಯಿ ಬಂದವು. ಹಸಿವು ಹಿಂದೆ ಸರಿದದ್ದು ಸಣ್ಣ ಮಾತಲ್ಲ. ಆದರೆ ಹಗೇವುಗಳು ಖಾಲಿಯಾದವು. ಕಾಳಾಗಿದ್ದ ಉಳಿತಾಯ ರೊಕ್ಕವಾಯಿತು, ರೊಕ್ಕ ಬೀಜ, ಗೊಬ್ಬರ, ಔಷಧಿಯ ಸಾಲಕ್ಕೆ ವಜಾ ಆಗತೊಡಗಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಕಾಲುವೆ ಬಯಲಿನ ಊರುಗಳಿಗೆಲ್ಲ ದಿಗಿಲಾಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದವರನ್ನು ಮನಸಾರೆ ನೆನೆಯಬೇಕು. ಆ ವಾರ ನನಗೆ ಹೊಳೆದದ್ದು ಇಷ್ಟು: ಮನೆಯಲ್ಲಿ ವರ್ಷದ ಜೋಳವಿದ್ದವರ ದಿಗಿಲಿಗೂ ಇಲ್ಲದವರ ದಿಗಿಲಿಗೂ ಬಹಳ ವ್ಯತ್ಯಾಸವಿದೆ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದೆ ಮುಂದೆ ಹೋಗಲಾರೆ. ಪಕ್ಕದ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ ಲಕ್ಕಮ್ಮ, ಮಾರಯ್ಯ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದು ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಸರಳ ಜೀವನದ ಭಾಷಣಗಳಲ್ಲಿ ಈ ಕಥೆ ಬಂದೇ ಬರುತ್ತದೆ. ಬಡವರಿಗೆ ಇದನ್ನು ಹಾಗೇ ಅನ್ವಯಿಸುವವರನ್ನು ಕಂಡರೆ ಮಾತ್ರ ನನಗೆ ಬೇಸರ. ನಾಳಿನ ಅಕ್ಕಿಯನ್ನು ಲಕ್ಕಮ್ಮ ಬೇಡವೆನ್ನಬಲ್ಲವಳಾಗಿದ್ದಳು. ಅದು ಅವಳ ನಿಷ್ಠೆಯ ಎತ್ತರ. ಆದರೆ ಅವಳ ಸುತ್ತ ದಾಸೋಹವನ್ನು ನಿತ್ಯದ ನೇಮವಾಗಿ ನಡೆಸುವ ಒಂದು ಸಮುದಾಯವಿತ್ತು. ಕಾಯಿಲೆ ಬಿದ್ದರೆ, ಮಳೆ ಹೋದರೆ, ಕೂಲಿ ತಪ್ಪಿದರೆ ಕೈ ಹಿಡಿಯುವ ಅಂಥದ್ದೊಂದು ಮಹಾಮನೆ ಇಂದಿನ ಕೂಲಿಯ ಮನೆಗೆ ಎಲ್ಲಿದೆ? ಅದಿಲ್ಲದ ಕಡೆ ಕೂಡಿಡುವುದು ಲೋಭವಲ್ಲ. ಲಕ್ಕಮ್ಮನ ಮಾತು ತಾಗಬೇಕಾದದ್ದು ಬಡ್ಡಿಯ ಮೇಲೆ ಬಡ್ಡಿ ಆಯುವವರಿಗೆ.

ಬಡ್ಡಿಯ ಲೆಕ್ಕ ಒಮ್ಮೆ ಮಾಡಿ ನೋಡಿ. ನೂರಕ್ಕೆ ಐದರಂತೆ 20,000 ರೂಪಾಯಿ ಕೈಗಡ ತಂದರೆ ತಿಂಗಳಿಗೆ 1,000, ವರ್ಷಕ್ಕೆ 12,000 ಬಡ್ಡಿ. ಅಸಲು ಹಾಗೇ ನಿಂತಿರುತ್ತದೆ. ಈಗ ಕಾಳಿನ ಲೆಕ್ಕ. 2025–26ರ ಬೆಂಬಲ ಬೆಲೆ ಮಾಲ್ದಂಡಿ ಜೋಳಕ್ಕೆ ಕ್ವಿಂಟಲಿಗೆ 3,749 ರೂಪಾಯಿ, ತೊಗರಿಗೆ 8,000. ಐದು ಮಂದಿಯ ಮನೆಗೆ ಎರಡು ಕ್ವಿಂಟಲ್ ಜೋಳ ಎಂದರೆ ತಿಂಗಳಿಗೆ ಹದಿನಾರು ಕಿಲೋ ದಾಟುತ್ತದೆ. ಪಡಿತರದ ಅಕ್ಕಿ ಜೊತೆಗಿದ್ದರೆ ಅಷ್ಟು ಸಾಕು. ಅದರ ಜೊತೆ ಅರ್ಧ ಕ್ವಿಂಟಲ್ ತೊಗರಿ ಸೇರಿಸಿದರೆ ಒಟ್ಟು 11,498. ಎಂದರೆ ಆ ಕೈಗಡದ ಒಂದು ವರ್ಷದ ಬಡ್ಡಿಯಲ್ಲೇ ವರ್ಷದ ಜೋಳ, ತೊಗರಿ ಎರಡೂ ಬರುತ್ತವೆ. ಒಳ್ಳೆಯ ಬಿಳಿಜೋಳ ಈ ಬೆಲೆಗೆ ಸಿಗದೆ ಹೋಗಬಹುದು, ಗಿರಣಿಯ ಖರ್ಚೂ ಇದೆ. ಆದರೂ ಲೆಕ್ಕದ ದಿಕ್ಕು ಬದಲಾಗದು. ಚಹಾ ಬಿಟ್ಟು ಉಳಿಸುವ ಹಣ ಇದರ ಮುಂದೆ ಎಷ್ಟರದು?

ಸಾಲದ ಕಾಟ ಎಲ್ಲಿಗೆ ಮುಟ್ಟಿತ್ತೆಂದರೆ, 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರಿಗೆ ಅಂಜಿ ಜನ ಊರು ಬಿಟ್ಟ ಸುದ್ದಿ ರಾಜ್ಯದ ಹಲವೆಡೆಯಿಂದ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗಿನ ಜೈಲು, 5 ಲಕ್ಷ ರೂಪಾಯಿವರೆಗಿನ ದಂಡ ವಿಧಿಸಿತು. ಕಾನೂನು ಬೇಕಾಗಿತ್ತು. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ರೊಕ್ಕ ಕೊಡುವವರು ಯಾರು ಎಂಬುದನ್ನು ಕಾನೂನು ತೀರ್ಮಾನಿಸುವುದಿಲ್ಲ.

ಅದನ್ನು ತೀರ್ಮಾನಿಸಬಲ್ಲದ್ದು ಹೆಣ್ಣುಮಕ್ಕಳ ಸಂಘ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹಳ್ಳಿಗಳಿಗೆ ವಾರದ ಉಳಿತಾಯ, ಪುಸ್ತಕ, ಸಭೆ ಎಲ್ಲ ರೂಢಿಯಾಗಿವೆ. ಬ್ಯಾಂಕೂ ದೂರದ್ದಲ್ಲ; 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಬೇರಿನಿಂದ ಬೆಳೆದ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಇಂದಿಗೂ ಬಳ್ಳಾರಿಯಲ್ಲೇ ಇದೆ. ಆದರೆ ಸಂಘದ ಸಾಲ ಹೋಗುವುದು ಹೆಚ್ಚಾಗಿ ಮದುವೆಗೆ, ಮನೆ ರಿಪೇರಿಗೆ, ಹಳೆಯ ಸಾಲ ತೀರಿಸಲಿಕ್ಕೆ. ವರ್ಷದ ಕಾಳು ಕೊಳ್ಳಲು ಸಂಘ ಏಕೆ ಸಾಲ ಕೊಡಬಾರದು? 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯೊಡತಿಯ ಖಾತೆಗೆ ಬರುತ್ತಿದೆ. ಕಂತು ತಡವಾಗುವುದುಂಟು, ಬಂದದ್ದು ಬಂದ ಹಾಗೆ ಕರಗುವುದೂ ಉಂಟು. ಅದರಲ್ಲಿ ತಿಂಗಳಿಗೆ ಸಾವಿರ ಸಂಘಕ್ಕೆ ಕಟ್ಟಿದರೂ ಸುಗ್ಗಿಯಲ್ಲಿ ಪಡೆದ ಕಾಳಿನ ಸಾಲ ಮುಂದಿನ ಸುಗ್ಗಿಯೊಳಗೆ ತೀರುತ್ತದೆ. ಎರಡು ಮೂರು ಸುಗ್ಗಿ ಕಳೆದ ಮೇಲೆ ಸಾಲವೇ ಬೇಕಾಗದಿರಬಹುದು, ಮನೆಯದೇ ಗಂಟು ಆಗಿರುತ್ತದೆ.

ಮದುವೆಯ ಬಗ್ಗೆ ಒಂದೇ ಮಾತು. ಸಂಘದ ಹತ್ತು ವರ್ಷದ ದುಡಿಮೆಯನ್ನು ಒಂದು ಶಾಮಿಯಾನ ನುಂಗುವುದನ್ನು ನೋಡುತ್ತ ಸುಮ್ಮನಿರಲು ಮನಸ್ಸಾಗುವುದಿಲ್ಲ. ಕುವೆಂಪು ಮಂತ್ರಮಾಂಗಲ್ಯವನ್ನು ಬರೆದುಕೊಟ್ಟು ಎಷ್ಟು ಕಾಲವಾಯಿತು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿವೆ. ಉಳ್ಳವರು ಮೊದಲು ಸರಳ ಮದುವೆ ಮಾಡಿದರೆ ಇಲ್ಲದವರಿಗೆ ಮರ್ಯಾದೆಯ ಭಯ ಹೋಗುತ್ತದೆ.

ಉಳಿದಂತೆ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಮಿತವ್ಯಯ ಕಲಿಸಬೇಕಿಲ್ಲ. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿದವರು ಅವರು. ಒಂದೇ ಒಲೆಯ ಉರಿಯಲ್ಲಿ ವಾರಕ್ಕಾಗುವ ಕಟಕ್ ರೊಟ್ಟಿ ಬಡಿದಿಟ್ಟು ಸೌದೆ ಉಳಿಸಿದವರೂ ಅವರೇ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಪುರಾತತ್ವಜ್ಞರಿಗೆ ಸಿಕ್ಕ ಕಾಳುಗಳಲ್ಲಿ ಹುರುಳಿಯೂ ಹೆಸರೂ ಇವೆ. ಸಾವಿರಾರು ವರ್ಷ ಈ ನೆಲದ ಜನರನ್ನು ಕಾಪಾಡಿದ ಹುರುಳಿಯನ್ನು ನಾವು ಎತ್ತಿನ ಮೇವೆಂದು ದೂರ ಇಟ್ಟದ್ದು ದಡ್ಡತನ. ಬೇಳೆ ತುಟ್ಟಿಯಾದ ತಿಂಗಳಲ್ಲಿ ಹುರುಳಿ ಕಟ್ಟಿನ ಸಾರಿಗಿಂತ ಪುಷ್ಟಿಯಾದ ಅಗ್ಗದ ಊಟ ಇನ್ನಾವುದಿದೆ?

ಮತ್ತೆ ಮೆಣಸಿನಕಾಯಿಗೆ ಬರುತ್ತೇನೆ, ಏಕೆಂದರೆ ಇದರಲ್ಲಿ ಬೆಳೆದವರ ಪಾಲೂ ಇದೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತೆಂಬ ಸಿಟ್ಟು ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು. ಲಾರಿ ಬಾಡಿಗೆ, ಹಮಾಲಿ ಎಲ್ಲ ಕೊಟ್ಟು ಅಷ್ಟು ದೂರ ಹೋದ ರೈತನ ನೋವು ಅದು. ಊರಿನ ಸಂಘಗಳು ತಮ್ಮ ಮನೆಗಳಿಗೆ ಬೇಕಾದಷ್ಟನ್ನು ಕಣದಲ್ಲೇ ತೂಗಿಸಿಕೊಂಡರೆ ಬೆಳೆದವನ ರಾಶಿಯೆಲ್ಲ ಖರ್ಚಾಗದು, ನಿಜ. ಆದರೆ ಅಷ್ಟು ಕಾಯಿಗೆ ಬಾಡಿಗೆಯಿಲ್ಲ, ಕೊಂಡವಳಿಗೆ ಕಲಬೆರಕೆಯ ಭಯವಿಲ್ಲ. ಇದಕ್ಕೆ ಹೊಸ ಯೋಜನೆಯಾಗಲಿ ಅರ್ಜಿಯಾಗಲಿ ಬೇಡ. ಸಂಕ್ರಾಂತಿಯ ಹೊತ್ತಿಗೆ ಸಂಘದ ಸಭೆಯಲ್ಲಿ ಯಾವ ಮನೆಗೆ ಎಷ್ಟು ಜೋಳ, ಎಷ್ಟು ತೊಗರಿ, ಎಷ್ಟು ಮೆಣಸಿನಕಾಯಿ ಎಂದು ಬರೆದುಕೊಳ್ಳಬೇಕು. ಸದಸ್ಯೆಯರಲ್ಲೇ ಹೊಲ ಇರುವವರು ಯಾರು, ಯಾರ ಬೆಳೆ ಚೆನ್ನಾಗಿದೆ ಎಂದು ಕೇಳಿ ದರ ಮಾತಾಡಬೇಕು. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಎಳೆಯುವ ಹೊತ್ತಿಗೆ ಕಾಳು ಮನೆ ಸೇರಿರುತ್ತದೆ, ಖಾರ ಗಿರಣಿಗೆ ಹೋಗಿರುತ್ತದೆ.