ಓದಲಾಗದ ಮಗುವಿಗೆ ಮೊದಲು ಬೇಕಾದದ್ದು ಪ್ರಮಾಣಪತ್ರವೇ?

ಹಳೇಬೀಡಿನ ಹೊಯ್ಸಳೇಶ್ವರವನ್ನು ನೋಡಲು ಬರುವ ಪ್ರವಾಸಿಗರಲ್ಲಿ ಪಕ್ಕದ ಬಸ್ತಿಹಳ್ಳಿಯವರೆಗೆ ಬರುವವರು ಕಡಿಮೆ. ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಇಲ್ಲಿ ಕನ್ನಡಿಯಂತೆ ಹೊಳೆಯುತ್ತವೆ. ಬಾಲ್ಯದಲ್ಲಿ ಕಂಬದಲ್ಲಿ ಮುಖ ನೋಡಿಕೊಂಡು ನಕ್ಕವರು ಅನೇಕರಿರಬಹುದು. ನನಗೆ ನೆಮ್ಮದಿ ಕೊಡುತ್ತಿದ್ದುದು ಶಾಸನದ ಕಲ್ಲು. ಅದನ್ನು ಅಪ್ಪನಿಗೂ ಓದಲಾಗುತ್ತಿರಲಿಲ್ಲ!

ಶಾಲೆಯಲ್ಲಿ ಮಾತ್ರ ಓದಲಾಗದವನು ನಾನೊಬ್ಬನೇ ಎಂದು ತಿಳಿದಿದ್ದೆ. ‘ಮ’ ಮತ್ತು ‘ವ’ ಒಂದರೊಳಗೊಂದು ಬೆರೆಯುತ್ತಿದ್ದವು. ಒತ್ತಕ್ಷರ ಬಂದರೆ ನಾಲಿಗೆ ನಿಂತುಬಿಡುತ್ತಿತ್ತು. ಪಕ್ಕದ ಹುಡುಗ ಓದುವುದನ್ನು ಕೇಳಿ ಬಾಯಿಪಾಠ ಮಾಡಿ, ಪುಸ್ತಕ ನೋಡುತ್ತಲೇ ಒಪ್ಪಿಸುತ್ತಿದ್ದೆ. ಒಂದು ದಿನ ಬೇರೆ ಪುಟ ತೆರೆದಿಟ್ಟುಕೊಂಡು ಒಪ್ಪಿಸಿ ಸಿಕ್ಕಿಬಿದ್ದೆ. ಅಂದು ದೊರೆತ ‘ಸೋಮಾರಿ’ ಎಂಬ ಬಿರುದು ಏಳನೇ ತರಗತಿಯವರೆಗೂ ಜೊತೆಗಿತ್ತು. ಓದು ಕೈಗೆ ಬಂದದ್ದು ಅಕ್ಕನಿಂದ. ಪದವನ್ನು ಬಾಯಲ್ಲಿ ತುಂಡು ತುಂಡಾಗಿ ಹೇಳಿಸಿ, ಪ್ರತಿ ತುಂಡನ್ನೂ ಮರಳಿನ ಮೇಲೆ ಬೆರಳಿನಿಂದ ಬರೆಸುತ್ತಿದ್ದಳು. ಎರಡು ವರ್ಷ ಹಿಡಿಯಿತು.

ಕನ್ನಡ ಬರೆದಂತೆಯೇ ಓದುವ ಲಿಪಿ. ಆದ್ದರಿಂದ ಡಿಸ್ಲೆಕ್ಸಿಯಾ ಎಂಬುದು ಪಟ್ಟಣದ ಇಂಗ್ಲಿಷ್ ಶಾಲೆಗಳ ತೊಂದರೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಇದು ಸರಿಯಲ್ಲ. ನಮ್ಮ ಮೂಲಾಕ್ಷರಗಳು ಐವತ್ತರ ಆಸುಪಾಸಾದರೂ, ಗುಣಿತಾಕ್ಷರ, ಒತ್ತಕ್ಷರ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ಅಕ್ಷರಜ್ಞಾನ ಪಕ್ವವಾಗಲು ಮೊದಲ ಎರಡು ವರ್ಷ ಸಾಲದು, ನಾಲ್ಕನೇ ತರಗತಿಯಲ್ಲೂ ಕಲಿಕೆ ಮುಂದುವರಿದಿರುತ್ತದೆ ಎಂದು ತೋರಿಸಿತು.

ಕಾನೂನಿನಲ್ಲಿ ಕೊರತೆಯಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಜಾಗವಿಲ್ಲದಿದ್ದ ‘ನಿರ್ದಿಷ್ಟ ಕಲಿಕಾ ನ್ಯೂನತೆ’, 2016ರ ಕಾಯ್ದೆಯ 21 ನ್ಯೂನತೆಗಳಲ್ಲಿ ಸೇರಿತು. ಅದನ್ನು ಆದಷ್ಟು ಬೇಗ ಗುರುತಿಸಿ ಸೂಕ್ತ ಬೋಧನಾಕ್ರಮ ಕೈಗೊಳ್ಳುವುದು ಶಾಲೆಗಳ ಹೊಣೆ ಎಂದು 16ನೇ ಸೆಕ್ಷನ್ ಹೇಳುತ್ತದೆ. ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಶಿಕ್ಷಕರೇ ಪ್ರಾಥಮಿಕ ತಪಾಸಣೆ ನಡೆಸಬೇಕೆಂದು 2018ರ ಮಾರ್ಗಸೂಚಿ ವಿಧಿಸಿತು.

ಆದರೆ ಮೂರನೇ ತರಗತಿಯಲ್ಲಿ ತಡವರಿಸುವ ಕನ್ನಡದ ಮಗು ಯಾವ ಕಾರಣಕ್ಕೆ ತಡವರಿಸುತ್ತಿದೆ? ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯವರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 20.5 ಮಾತ್ರ, 2024ರಲ್ಲಿ ಶೇ 27.1. ಉಳಿದವರೆಲ್ಲರಿಗೂ ನ್ಯೂನತೆಯಿದೆಯೆನ್ನಲು ಸಾಧ್ಯವಿಲ್ಲ. ಹಲವರಿಗೆ ಸರಿಯಾಗಿ ಕಲಿಸಿಯೇ ಇಲ್ಲ. ಈ ಗುಂಪಿನ ನಡುವೆ ನಿಜವಾದ ಡಿಸ್ಲೆಕ್ಸಿಯಾದ ಮಗು ಅಡಗಿಹೋಗುತ್ತದೆ. ಹಳ್ಳಿಯಲ್ಲಿ ಆಗುತ್ತಿರುವ ದೊಡ್ಡ ಅನ್ಯಾಯ ಇದೇ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ದೊರೆಯಲು ಪ್ರಮಾಣಪತ್ರ ಬೇಕು, ನಿಜ. ಬಸ್ತಿಹಳ್ಳಿಯ ತಾಯಿಯೊಬ್ಬಳಿಗೆ ಅದು ದಿನದ ಕೂಲಿ ಬಿಟ್ಟು ಹಾಸನಕ್ಕೆ ಅಲೆಯುವ ಮಾತು. ಆದರೆ ಓದು ಕಲಿಸಲು ಯಾವ ಪ್ರಮಾಣಪತ್ರವೂ ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ‘ಅ ಆ ಇ ಈ’ ಕ್ರಮವನ್ನೇ ಬದಿಗಿಟ್ಟು, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲು ಅವಕಾಶವಿತ್ತಿತು. ಅದು ಆರಂಭದ ತರಗತಿಗಳಿಗಷ್ಟೇ ಸೀಮಿತ. ಹಿಂದುಳಿದವರಿಗಾಗಿ ನಾಲ್ಕು ಮತ್ತು ಐದನೇ ತರಗತಿಗಳಲ್ಲೂ ದಿನಕ್ಕೆ ಅರ್ಧ ಗಂಟೆ ಅದೇ ರೀತಿಯ ಓದಿನ ಪಾಠ ಮುಂದುವರಿಯಲಿ. ಅದರ ನಂತರವೂ ತಡವರಿಸುವ ಮಕ್ಕಳನ್ನು ತಜ್ಞರೇ ಶಾಲೆಗೆ ಬಂದು ಕನ್ನಡದಲ್ಲಿ ಪರೀಕ್ಷಿಸಲಿ.