ಬೋಟಿನ ಹಳೇ ಟ್ರಿಮ್ ಪಂಪ್ ಮತ್ತು ಭದ್ರಾವತಿಯ ಲೇತ್ ಅಂಗಡಿ

ಬೋಟಿನ ಹಿಂಬದಿಗೆ ನೇತು ಹಾಕಿರೋ ಇಂಜಿನ್ ನೋಡಿರ್ತೀರಿ. ಅದೇ ಔಟ್‌ಬೋರ್ಡ್ ಮೋಟರ್. ಗುಂಡಿ ಒತ್ತಿದ್ರೆ ಇಡೀ ಇಂಜಿನ್ ಮೇಲೇಳೋ ಹಾಗೆ, ಕೆಳಗಿಳಿಯೋ ಹಾಗೆ ಮಾಡೋದು ಟ್ರಿಮ್ ಪಂಪ್ ಅನ್ನೋ ಪುಟ್ಟ ಯಂತ್ರ. ವಾರವಿಡೀ ಶಿವಮೊಗ್ಗದಲ್ಲಿ ಕೂತು ಕೋಡ್ ಬರೆಯೋ ನಾನು ಈ ಬೇಸಿಗೆಯಲ್ಲಿ ಐದಾರು ಶನಿವಾರ ಮಾಚೇನಹಳ್ಳಿ ದಾಟಿ ಭದ್ರಾವತಿಗೆ ಹೋಗಿದ್ದು ಇದಕ್ಕೋಸ್ಕರ.

ಬೋಟ್ ಭಾವನದು. ಶೋಕಿಗೆ ತಗೊಂಡಿದ್ದಲ್ಲ. ಅವರ ಅಮ್ಮ ಇರೋದು ಶರಾವತಿ ಹಿನ್ನೀರಿನ ಪಕ್ಕದ ತೋಟದ ಮನೆಯಲ್ಲಿ. ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಸಾಗರಕ್ಕೆ ಬರಲೇಬೇಕು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಆ ಭಾಗದ ಎಷ್ಟೋ ಜನರ ಲಾಂಚ್ ಕಾಯೋ ಕಷ್ಟ ತಪ್ಪಿದೆ. ಆದ್ರೆ ಇವರ ತೋಟ ಸೇತುವೆಯಿಂದ ದೂರ. ರಸ್ತೆ ಹಿಡಿದ್ರೆ ಸುತ್ತಿ ಬಳಸಿ ಹೋಗಬೇಕು, ನೀರಿನ ಮೇಲೆ ಆದ್ರೆ ಇಪ್ಪತ್ತೇ ನಿಮಿಷ.

ತೊಂದರೆ ಬರೋದು ಬೇಸಿಗೆಯಲ್ಲಿ. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಏಪ್ರಿಲ್, ಮೇ ಹೊತ್ತಿಗೆ ನೀರು ಎಲ್ಲಿಗೋ ಹೋಗಿರುತ್ತೆ. 1964ರಲ್ಲಿ ಅಣೆಕಟ್ಟು ಎದ್ದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ನೀರಿನ ಅಂಚಲ್ಲೇ ಕಾಯ್ತಾ ಇರ್ತವೆ. ಪ್ರೊಪೆಲ್ಲರ್ ಬಡಿದ್ರೆ ನೀರಿನ ನಡುವೆ ಕೆಟ್ಟು ನಿಲ್ಲೋದೇ. ಹಾಗಾಗಿ ದಡ ಹತ್ತಿರ ಬರ್ತಿದ್ದ ಹಾಗೆ ಇಂಜಿನ್ ಎತ್ತಬೇಕು. ಈ ಇಂಜಿನ್ ಹತ್ತಿರ ಹತ್ತಿರ ಒಂದು ಕ್ವಿಂಟಾಲ್. ಭಾವನಿಗೆ ಡಿಸ್ಕ್ ಸಮಸ್ಯೆ. "ಒಂದು ಕೈಯಲ್ಲಿ ಅಮ್ಮನ್ನ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಇಂಜಿನ್ ಎತ್ತೋಕೆ ನಾನೇನು ಭೀಮನಾ ಮಾರಾಯ?" ಅಂತ ಅವರ ಪ್ರಶ್ನೆ.

ಇಂಜಿನ್ 1980ರ ದಶಕದ್ದು, ಅಮೆರಿಕದ್ದು. ಕೈಯಿಂದ ಕೈಗೆ ದಾಟಿ ಕರಾವಳಿಯಿಂದ ಬಂದದ್ದು. ಈಗಿನ ಇಂಜಿನ್‌ಗಳಲ್ಲಿ ಟ್ರಿಮ್ ಪಂಪ್ ಇಂಜಿನ್ನಿನ ಬ್ರಾಕೆಟ್ ಒಳಗೇ ಇರುತ್ತೆ. ಇಂಥ ಕೆಲವು ಹಳೇ ಮಾಡೆಲ್‌ಗಳಲ್ಲಿ ಪಂಪ್ ಬೋಟಿನ ಒಳಗೆ ಕೂರುತ್ತೆ, ಅಲ್ಲಿಂದ ಹೋಸ್ ಪೈಪುಗಳು ಹಿಂಬದಿಯ ಹಲಗೆ ತೂರಿ ಹೊರಗಿನ ಸಿಲಿಂಡರಿಗೆ ಹೋಗ್ತವೆ. ಭಾವನ ಬೋಟಲ್ಲಿ ಸಿಲಿಂಡರ್ ಇತ್ತು, ಪಂಪ್ ಮಾಯ. ಬೇರೊಂದು ಗುಜರಿ ಇಂಜಿನ್ನಿನ ಪಂಪ್ ಹುಡುಕಿ ತಂದಿದ್ರು. ಅದರ ಜೊತೆ ಒಂದು ಕಾಗದವೂ ಇರಲಿಲ್ಲ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡ್ ಕೈಗೆ ಬಂದಾಗ ನಾವೇನು ಮಾಡ್ತೀವೋ ಅದನ್ನೇ ಮಾಡಿದ್ವಿ. ಒಂದೊಂದು ಭಾಗ ಯಾಕಿದೆ ಅಂತ ಮೊದಲು ತಿಳ್ಕೊಂಡ್ವಿ.

ಒಳಗಿರೋದು ಸರಳ. 12 ವೋಲ್ಟಿನ ಮೋಟರ್ ಒಂದು ಪುಟ್ಟ ಗೇರ್ ಪಂಪನ್ನು ತಿರುಗಿಸುತ್ತೆ. ಪಂಪ್ ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತೆ, ಇಂಜಿನ್ ಏಳುತ್ತೆ. ಮೋಟರ್ ಉಲ್ಟಾ ತಿರುಗಿದ್ರೆ ಇಂಜಿನ್ ಇಳಿಯುತ್ತೆ. ಮೇಲೆ ಎತ್ತಿದ ಇಂಜಿನ್ ತಾನಾಗೇ ಜಾರದ ಹಾಗೆ ಒಳಗಿನ ವಾಲ್ವುಗಳು ಎಣ್ಣೆಯನ್ನು ತಡೆದು ನಿಲ್ಲಿಸ್ತವೆ. ಕರೆಂಟ್ ಕೈಕೊಟ್ರೆ ಕೈಯಿಂದ ಎತ್ತಿ ಇಳಿಸೋಕೆ ಒಂದು ತಿರುಪು ಇರುತ್ತೆ, ಅದನ್ನು ಸಡಿಲಿಸಬೇಕು.

ಮೊದಲ ಗೊಂದಲ ವೈರಿನದು. ಇಂಥ ಮೋಟರಲ್ಲಿ ಎರಡು ಜಾತಿ. ಮೂರು ವೈರಿನದ್ದಾದ್ರೆ ಸಾಮಾನ್ಯವಾಗಿ ನೀಲಿಗೆ ಕರೆಂಟ್ ಕೊಟ್ಟಾಗ ಮೇಲೆ, ಹಸಿರಿಗೆ ಕೊಟ್ಟಾಗ ಕೆಳಗೆ, ಕಪ್ಪು ಅರ್ಥ್. ಎರಡು ವೈರಿನದ್ದಾದ್ರೆ ಪ್ಲಸ್ ಮೈನಸ್ ಅದಲು ಬದಲಾಗಬೇಕು. ಅದಕ್ಕೆ ಎರಡು ಚೇಂಜ್‌ಓವರ್ ರಿಲೇ ಬೇಕು, ಸುಮ್ಮನಿದ್ದಾಗ ಮೋಟರಿನ ಎರಡೂ ತುದಿ ಅರ್ಥಿಗೆ ಸೇರಿರಬೇಕು. ನಮ್ಮದು ಎರಡು ವೈರಿನದು.

ರಿಲೇ ಯಾಕೆ, ನೇರವಾಗಿ ಸ್ವಿಚ್ ಹಾಕಬಾರದಾ ಅಂತ ಅಕ್ಕ ಕೇಳಿದ್ಲು. ತೋಟದ ಬೋರ್‌ವೆಲ್ ಮೋಟರಿಗೆ ಸ್ಟಾರ್ಟರ್ ಯಾಕೆ ಬೇಕೋ ಅದಕ್ಕೇ. ಈ ಪಂಪ್ ಹತ್ತಾರು ಆಂಪಿಯರ್ ಎಳೆಯುತ್ತೆ, ಬೆರಳಲ್ಲಿ ಒತ್ತೋ ಸ್ವಿಚ್ ಅದಕ್ಕೆ ತಡೆಯಲ್ಲ.

ವೈರಿನ ದಪ್ಪದ ಲೆಕ್ಕ ಮಾತ್ರ ನಾನೇ ಹಾಕಿದ್ದು. ಬ್ಯಾಟರಿ ಪಂಪಿನಿಂದ 4 ಮೀಟರ್ ದೂರ, ಹೋಗಿ ಬರೋದು 8 ಮೀಟರ್. ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ತಾಮ್ರದ ವೈರಲ್ಲಿ 40 ಆಂಪಿಯರ್ ಹರಿದ್ರೆ ಸುಮಾರು 2.2 ವೋಲ್ಟ್ ದಾರಿಯಲ್ಲೇ ಖರ್ಚು. ಹನ್ನೆರಡರಲ್ಲಿ ಮೋಟರಿಗೆ ಸಿಗೋದು ಹತ್ತಕ್ಕೂ ಕಡಿಮೆ. ಅದೇ 16 ಸ್ಕ್ವೇರ್ ಎಂಎಂ ಕೇಬಲ್ ಆದ್ರೆ ನಷ್ಟ 0.35 ವೋಲ್ಟ್ ಅಷ್ಟೇ. ದಪ್ಪ ಕೇಬಲ್ಲೇ ತಂದ್ವಿ, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಫ್ಯೂಸ್ ಹಾಕಿದ್ವಿ. ಫ್ಯೂಸ್ ದೂರ ಇದ್ರೆ, ಅದಕ್ಕೂ ಬ್ಯಾಟರಿಗೂ ನಡುವಿನ ವೈರ್ ಎಲ್ಲಾದ್ರೂ ಉಜ್ಜಿ ಶಾರ್ಟ್ ಆದಾಗ ಕಾಪಾಡೋರು ಯಾರೂ ಇರಲ್ಲ.

ಹೋಸಿಗೆ ಬಂದ್ರೆ ಭದ್ರಾವತಿ ಬೇಕು. 1923ರಲ್ಲಿ ಕಬ್ಬಿಣ ಕರಗಿಸೋಕೆ ಶುರು ಮಾಡಿದ ಊರಿದು. ಕಾರ್ಖಾನೆಯ ಹಳೇ ವೈಭವ ಈಗಿಲ್ಲ, ಆದ್ರೆ ಅಲ್ಲಿ ಪಳಗಿದ ಕೈಗಳು ಸಣ್ಣ ಸಣ್ಣ ಲೇತ್ ಅಂಗಡಿಗಳಲ್ಲಿ ಇನ್ನೂ ಇವೆ. ನಾವು ಹೋದ ಅಂಗಡಿಯ ಯಜಮಾನ್ರು ಕಾರ್ಖಾನೆಯ ಮೆಂಟೆನೆನ್ಸ್‌ನಲ್ಲಿದ್ದು ರಿಟೈರ್ ಆದವರು. ಬೋಟಿನ ಇಂಜಿನ್ ಅವರು ಮುಟ್ಟಿದ್ದೇ ಇಲ್ಲ. ಪಂಪನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಟಿಪ್ಪರ್ ಲಾರಿ ಎತ್ತೋ ಜಾಕಿನ ತಮ್ಮ ಅಷ್ಟೇ ಕಣಪ್ಪ" ಅಂದ್ರು.

ಪಂಪಿನದ್ದು ಇಂಚಿನ ಥ್ರೆಡ್. ಪೇಟೆಯಲ್ಲಿ ನಮಗೆ ಸಿಕ್ಕಿದ್ದೆಲ್ಲ ಎಂಎಂ ಲೆಕ್ಕದ ಫಿಟ್ಟಿಂಗ್. ಯಜಮಾನ್ರು ಅರ್ಧ ದಿನ ಕೂತು ಎರಡು ಸ್ಟೀಲ್ ಅಡಾಪ್ಟರ್ ಕಡೆದು ಕೊಟ್ರು. ಟೇಪ್ ಸುತ್ತಿ ಬಿಗಿದ್ರೆ ಆಗಲ್ವಾ ಅಂತ ಭಾವ ಕೇಳಿದ್ದಕ್ಕೆ, "ಮನೆ ನಲ್ಲಿ ಅಂದ್ಕೊಂಡ್ರಾ?" ಅಂತ ಒಂದೇ ಮಾತು. ಕಾರಿನ ಟೈರಲ್ಲಿ ಇರೋದು ಮೂವತ್ತು ಚಿಲ್ಲರೆ ಪಿಎಸ್‌ಐ. ಇಂಥ ಪಂಪಲ್ಲಿ ಒತ್ತಡ ಸಾವಿರ ದಾಟಬಹುದು. ಸೂಜಿ ತೂತಿನಿಂದ ಚಿಮ್ಮೋ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಸೋರಿಕೆ ಹುಡುಕೋಕೆ ಕೈ ಅಡ್ಡ ಹಿಡಿಯಬೇಡಿ, ರಟ್ಟಿನ ತುಂಡು ಹಿಡೀರಿ. ಇದನ್ನೂ ಅವರೇ ಕಲಿಸಿದ್ದು.

ಜಗಳ ಆಗಿದ್ದು ಪಂಪ್ ಎಲ್ಲಿ ಕೂರಬೇಕು ಅನ್ನೋದಕ್ಕೆ. ಬೋಟಿನ ತಳದಲ್ಲಿ, ಪೆಟ್ರೋಲ್ ಟ್ಯಾಂಕಿನ ಪಕ್ಕ ಒಳ್ಳೇ ಜಾಗ ಇತ್ತು. ಹೋಸ್ ಉದ್ದ ಕಡಿಮೆ, ಖರ್ಚೂ ಕಡಿಮೆ. ಭಾವ ಅಲ್ಲೇ ಅಂತ ಹಠ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಹೋಗಿ ತಂಗುತ್ತೆ. ಮೋಟರಿನ ಬ್ರಷ್ ತಿರುಗುವಾಗಲೂ ಕಿಡಿ, ರಿಲೇ ಕೂಡಿ ಬಿಡುವಾಗಲೂ ಕಿಡಿ. ಒಳಗಿನ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮುಚ್ಚಿ ಮಾಡಿದ ಮರೈನ್ ರಿಲೇಗಳು ಬೇರೆಯೇ ಇವೆ. ಲಾರಿಯ ರಿಲೇ ಕಾಲು ಭಾಗದ ಬೆಲೆಗೆ ಸಿಗುತ್ತೆ, ಆದ್ರೆ ಎಲ್ಲ ರಿಲೇಗೂ ಆ ಗುಣ ಇರಲ್ಲ.

"ಭಾವ, ಈ ಬೋಟಲ್ಲಿ ಕೂರೋದು ಯಾರು?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಮೇಲೇ ಹಾಕು" ಅಂದ್ರು.

ಹಿಂಬದಿಯ ಹಲಗೆಯ ಒಳಮೈಗೆ, ಆದಷ್ಟು ಎತ್ತರದಲ್ಲಿ, ಗಾಳಿಯಾಡೋ ಕಡೆ ಪಂಪ್ ಕೂರಿಸಿದ್ವಿ. ರಿಲೇ ಮರೈನ್‌ದೇ ತರಿಸಿದ್ವಿ. ಟ್ಯಾಂಕನ್ನು ಮುಂದಕ್ಕೆ ಸರಿಸಿದ್ವಿ. ಇಂಜಿನ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿದಾಗಲೂ ಹೋಸ್ ಎಳೆಯಬಾರದು, ಸಿಕ್ಕಿಕೊಳ್ಳಬಾರದು, ಅಷ್ಟು ಸಡಿಲ ಬಿಟ್ವಿ. ಫೈಬರ್ ಒಳಗಿರೋದು ಪ್ಲೈವುಡ್. ಕೊರೆದ ತೂತಿನಲ್ಲಿ ನೀರು ಇಳಿದ್ರೆ ಹಲಗೆ ಒಳಗೊಳಗೇ ಕೊಳೆಯುತ್ತೆ, ಹಾಗಾಗಿ ಪ್ರತಿ ತೂತಿನ ಒಳಗೋಡೆಗೂ ಎಪಾಕ್ಸಿ ಬಳಿದ್ವಿ.

ಕೊನೆಗೆ ಎಣ್ಣೆ. ಮ್ಯಾನ್ಯುಯಲ್ ಹುಡುಕಿ ಅದು ಹೇಳಿದ್ದನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದ್ರೆ ರಬ್ಬರ್ ಸೀಲ್ ಉಬ್ಬಿ ಹಾಳಾಗುತ್ತೆ. ಎಣ್ಣೆಯ ಮಟ್ಟ ನೋಡೋದು ಇಂಜಿನ್ ಪೂರ್ತಿ ಮೇಲಿದ್ದಾಗ, ಅದಕ್ಕೆ ಆಸರೆ ಕೊಟ್ಟ ಮೇಲೆ. ಕೆಳಗಿದ್ದಾಗ ಮುಚ್ಚಳ ತೆಗೆದ್ರೆ ಮುಖಕ್ಕೇ ಚಿಮ್ಮಬಹುದು. ಏಳೆಂಟು ಸಲ ಮೇಲೆ ಕೆಳಗೆ ಮಾಡಿ ಒಳಗಿನ ಗಾಳಿ ಹೊರಡಿಸಿದ್ವಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ, ನಮ್ಮದು ತಿರುಗಲಿಲ್ಲ.

ಅಂಗಳದಲ್ಲೇ ಇಂಜಿನ್ ಎತ್ತಿ ನಿಲ್ಲಿಸಿ ಸಿಲಿಂಡರಿನ ರಾಡಿಗೆ ಚಾಕ್‌ಪೀಸಲ್ಲಿ ಗೆರೆ ಎಳೆದು ಮಲಗಿದ್ವಿ. ಬೆಳಿಗ್ಗೆ ಗೆರೆ ಹಾಕಿದ ಜಾಗದಲ್ಲೇ ಇತ್ತು. ಭಾವ ಅಮ್ಮನಿಗೆ ಫೋನ್ ಮಾಡಿ ಮುಂದಿನ ತಿಂಗಳ ಡಾಕ್ಟರ ತಾರೀಕು ಕೇಳಿ ಬರೆದುಕೊಂಡ್ರು. ಲೇತ್ ಯಜಮಾನ್ರು ಎರಡು ಅಡಾಪ್ಟರಿಗೆ ತಗೊಂಡಿದ್ದು ಎಂಟುನೂರು ರೂಪಾಯಿ. ಮೂರನೇದೊಂದನ್ನು ಬಿಟ್ಟಿ ಕಡೆದು ಕೊಟ್ಟು, "ಬೋಟಲ್ಲೇ ಇಟ್ಕೊಂಡಿರಿ, ನೀರಿನ ನಡುವೆ ನನ್ನ ಅಂಗಡಿ ಇರಲ್ಲ" ಅಂದ್ರು.