ಮಾತ್ಸರ್ಯವೂ ಕಾಲಾತಿಕ್ರಮವೂ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ಶರೀರ. ಇವುಗಳಲ್ಲಿ ಒಂದಾದರೂ ಏಕಾಂತದಲ್ಲಿ ಹುಟ್ಟುವುದೇ? ಕಾಡಿನಲ್ಲಿ ಒಬ್ಬನೇ ಇರುವವನಿಗೆ ಕುಲಮದವೆಲ್ಲಿಯದು? ಮದಕ್ಕೆ ಎದುರಿಗೆ ಇನ್ನೊಬ್ಬ ಬೇಕು. ಹೋಲಿಕೆಯೇ ಅದರ ಮೂಲಧನ. ಹೀಗಿದ್ದೂ ಅಷ್ಟಮದಗಳನ್ನು ಬಾಯಿಪಾಠವಾಗಿ ಒಪ್ಪಿಸುವ ಮನೆಗಳಲ್ಲಿಯೇ ಹೋಲಿಕೆಯು ಉಪ್ಪಿನಕಾಯಿಯಂತೆ ನಿತ್ಯವೂ ಎಲೆಗೆ ಬೀಳುತ್ತಿದೆ.

ಹಾಸನದ ವರ್ತಕರು ಬೆಂಗಳೂರಿನ ಬೀಗರನ್ನು ನೋಡಿ ಕೊರಗುತ್ತಾರೆ. ಹೊಳೆನರಸೀಪುರದವರು ಹಾಸನದವರನ್ನು ನೋಡಿ, ಅರಕಲಗೂಡಿನವರು ಹೊಳೆನರಸೀಪುರದವರನ್ನು ನೋಡಿ. ಚನ್ನರಾಯಪಟ್ಟಣದವರಿಗೆ ಶ್ರವಣಬೆಳಗೊಳ ತಮ್ಮ ತಾಲ್ಲೂಕಿನಲ್ಲಿದೆಯೆಂಬ ಹೆಮ್ಮೆ. ಅದೂ ಅದೇ ರೋಗದ ಇನ್ನೊಂದು ಮುಖ. 2019ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹಾಸನ ಜಿಲ್ಲೆಯೇ ರಾಜ್ಯಕ್ಕೆ ಪ್ರಥಮವಾಯಿತು. ಆ ವರ್ಷವಾದರೂ ಮಗ ತಂದ ಅಂಕವನ್ನು ಪಕ್ಕದ ಮನೆಯ ಹುಡುಗನ ಅಂಕದೊಡನೆ ತೂಗದೆ ನೋಡಿದ ತಂದೆತಾಯಿಗಳು ಎಷ್ಟು ಮಂದಿ?

ವಿಂಧ್ಯಗಿರಿಯ ಮೇಲೆ ನಿಂತಿರುವ ಮಹಾಮೂರ್ತಿಯ ಕಥೆಯೂ ಹೋಲಿಕೆಯ ಕಥೆಯೇ ಎಂಬುದನ್ನು ನಮ್ಮವರು ಮರೆತಂತಿದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಬಾಹುಬಲಿ ಭರತನನ್ನು ಗೆದ್ದನು. ಗೆದ್ದುದನ್ನೂ ತ್ಯಜಿಸಿ ಒಂದು ವರ್ಷ ನಿಶ್ಚಲನಾಗಿ ನಿಂತನು. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಕೇವಲಜ್ಞಾನ ಮಾತ್ರ ಬರಲಿಲ್ಲ. ತಾನು ನಿಂತ ನೆಲ ಭರತನದೆಂಬ ಶಲ್ಯ ಒಳಗೆ ಉಳಿದಿತ್ತೆಂದು ನಮ್ಮ ಕಡೆಯ ಜನರ ಬಾಯಲ್ಲಿರುವ ಕಥೆ. ತನಗಿಂತ ಮೊದಲು ದೀಕ್ಷೆ ಪಡೆದ ತಮ್ಮಂದಿರಿಗೆ ವಂದಿಸಬೇಕಾದೀತೆಂಬ ಅಭಿಮಾನವೇ ಅಡ್ಡಿಯೆಂದು ಶ್ವೇತಾಂಬರ ಪರಂಪರೆ ಹೇಳುತ್ತದೆ. ಯಾವುದನ್ನು ಹಿಡಿದರೂ ಮುಳ್ಳು ಒಂದೇ. ರಾಜ್ಯವನ್ನು ಬಿಡಬಲ್ಲವನಿಗೂ 'ಅವನು, ನಾನು' ಎಂಬ ಲೆಕ್ಕವನ್ನು ಬಿಡುವುದು ಕಷ್ಟವಾಯಿತು.

ಆ ಮೂರ್ತಿಯ ಮಸ್ತಕಾಭಿಷೇಕದಲ್ಲಿಯೇ ಅದೇ ಲೆಕ್ಕವನ್ನು ನಾವು ಬಿಚ್ಚಿಕೊಂಡು ಕೂರುತ್ತೇವೆ. 2018ರಲ್ಲಿ ಪ್ರಥಮ ಕಲಶಕ್ಕೆ 11 ಕೋಟಿ ರೂಪಾಯಿಗೂ ಮೀರಿದ ಮೊತ್ತ ಸಂದಿತು. ಕೊಟ್ಟವರ ಭಕ್ತಿಯನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಪ್ರಶ್ನೆಯಿರುವುದು ಕೆಳಗೆ ಕುಳಿತವರ ಬಗ್ಗೆ. ಯಾರ ಕಲಶ ಎಷ್ಟನೆಯದು, ಯಾರು ಅಟ್ಟಣೆಯ ಮೇಲೆ ಮೊದಲು ಏರಿದರು ಎಂಬ ಮಾತಿನಲ್ಲಿಯೇ ಹಾಲು, ಅರಿಶಿನ, ಚಂದನದ ಧಾರೆಗಳು ಹರಿದುಹೋಗುತ್ತವೆ. ಹನ್ನೆರಡು ವರ್ಷ ಕಾದು ಬಂದವರು ಆ ಗಳಿಗೆಯಲ್ಲಿ ಅಲ್ಲಿ ಇರುವುದೇ ಇಲ್ಲ. ಚಾವುಂಡರಾಯನ ಕೊಡಗಳಿಂದ ಪಾದದವರೆಗೆ ಇಳಿಯದ ಹಾಲು ಮುದುಕಿಯೊಬ್ಬಳ ಗುಳ್ಳಕಾಯಿಯಿಂದ ಇಳಿಯಿತೆಂಬ ಐತಿಹ್ಯವನ್ನು ಮಕ್ಕಳಿಗೆ ಹೇಳುವವರೂ ಇವರೇ.

ಪೈಪೋಟಿಯಿಲ್ಲದಿದ್ದರೆ ದಾನವೇ ಬರುವುದಿಲ್ಲ, ಬಸದಿಗಳು ಪಾಳು ಬೀಳುತ್ತವೆ ಎಂದು ಟ್ರಸ್ಟಿನವರು ಹೇಳುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಮಾತು ಸುಳ್ಳಲ್ಲ. ಆದರೆ ಶ್ರಾವಕನ ದಾನಕ್ಕೆ ವ್ಯಾಪಾರದ ಶಾಸ್ತ್ರವೇ ಪ್ರಮಾಣವೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ. ಕೊನೆಯ ಎರಡು ಮಾತ್ಸರ್ಯ ಮತ್ತು ಕಾಲಾತಿಕ್ರಮ. ಅನಾದರದಿಂದ ಕೊಡುವುದು, ಇತರ ದಾನಿಗಳ ಗುಣವನ್ನು ಸಹಿಸದಿರುವುದು ಮಾತ್ಸರ್ಯ. ಕೊಡಬೇಕಾದ ಹೊತ್ತನ್ನು ಮೀರಿಸುವುದು ಕಾಲಾತಿಕ್ರಮ. ಎರಡೂ ಅಕ್ಕಪಕ್ಕದಲ್ಲಿ ಬಂದಿರುವುದು ಎಷ್ಟು ಉಚಿತ! ನೆರೆಯವನ ರಸೀದಿಯನ್ನು ನೋಡಿಕೊಂಡು ಕೊಡುವವನು ತನ್ನ ಹೊತ್ತನ್ನು ಕಳೆದುಕೊಳ್ಳದೆ ಇರುತ್ತಾನೆಯೇ? ಪಕ್ಕದೂರಿಗಿಂತ ದೊಡ್ಡ ಮಾನಸ್ತಂಭಕ್ಕೆ ಹಣ ಕೂಡಲೆಂದು ಕಾಯುವ ಸಮಿತಿಯ ಬಸದಿಯಲ್ಲಿ ಈ ಮಳೆಗಾಲದ ಸೋರಿಕೆ ಮುಂದಿನ ಮಳೆಗಾಲಕ್ಕೂ ಉಳಿಯುತ್ತದೆ. ಎರಡು ಗಳಿಗೆಯ, ಎಂದರೆ 48 ನಿಮಿಷದ, ಸಾಮಾಯಿಕಕ್ಕೆ ಕುಳಿತವನೂ ಪಕ್ಕದವನು ಎಷ್ಟು ಹೊತ್ತು ಕುಳಿತನೆಂದು ಕಣ್ಣು ತೆರೆದು ನೋಡಿದರೆ ಅದು ಸಾಮಾಯಿಕವಲ್ಲ, ಹಾಜರಿ.

1981, 1993, 2006, 2018ರ ಕ್ರಮವನ್ನು ನೋಡಿದರೆ ಮುಂದಿನ ಮಹಾಮಸ್ತಕಾಭಿಷೇಕ 2030ರ ಸುಮಾರಿಗೆ ಬರಬೇಕು. ಅದಕ್ಕೆ ಮೊದಲೇ ಈ ನಾಲ್ಕು ತಾಲ್ಲೂಕುಗಳ ಟ್ರಸ್ಟುಗಳು ಒಂದು ನಿರ್ಣಯ ಮಾಡಲಿ: ದಾನಿಗಳ ಹೆಸರನ್ನು ಅಕಾರಾದಿಯಾಗಿ ಬರೆಯಲಿ, ಮುಂದೆ ಮೊತ್ತವನ್ನು ಬರೆಯದಿರಲಿ. ಲೆಕ್ಕಪರಿಶೋಧಕರಿಗೆ ಬೇಕಾದುದು ಪುಸ್ತಕದಲ್ಲಿರುತ್ತದೆ, ಗೋಡೆಯ ಮೇಲೆ ಅದಕ್ಕೇನು ಕೆಲಸ? ಗೊಮ್ಮಟನ ಪಾದಪೂಜೆಯಂತೂ ಪ್ರತಿದಿನವೂ ನಡೆಯುತ್ತಿದೆ. ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸು ಹಿಡಿದರೆ ಸಾಕು.